ಹೆಬ್ಬೆರಳು

ಮುಸಫ್ಫಾದಲ್ಲಿ ನನ್ನ ಕೆಲಸ ಕೈ ಬೀಸುವುದು.
ಅರವತ್ತು ಮೀಟರು ಮೇಲೆ, ಕ್ರೇನಿನ ಗೂಡಿನಲ್ಲಿ
ಬಾವುಂಞಿ. ಅವನಿಗೆ ಕಾಣುವುದು
ಮಂಕು ಕಡಲು, ಮರಳು, ಸುಣ್ಣ ಬಳಿದಂಥ ಬಿಸಿಲು.
ಕೊಕ್ಕೆಯ ಕೆಳಗೆ ಯಾರ ತಲೆಯಿದೆ
ಅವನಿಗೆ ಕಾಣದು. ನಾನು ನೋಡಬೇಕು.
ಹೆಬ್ಬೆರಳು ಮೇಲೆ ಮಾಡಿದರೆ ಉಕ್ಕಿನ ತೋಳು ಏಳುತ್ತದೆ,
ಅಂಗೈ ಕವುಚಿ ಬೀಸಿದರೆ ನಿಲ್ಲುತ್ತದೆ,
ಎರಡು ಟನ್ನು ಕಂಬಿಯ ಕಟ್ಟು
ನನ್ನ ಬೆರಳಿಗೆ ದಾರ ಕಟ್ಟಿದ ಹಾಗೆ.

ಹೇಗೆ ಅನಿಸದೆ ಇದ್ದೀತು
ಇದೆಲ್ಲ ನನ್ನದೇ ಕಥೆ ಎಂದು?
ಮೊದಲ ಸಲ ವಿಮಾನ ಹತ್ತಿದಾಗಲೂ ಅಷ್ಟೆ,
ಕಿಟಕಿ ಸೀಟು; ಕೆಳಗೆ ಇಡೀ ಕರಾವಳಿ
ಕತ್ತೆತ್ತಿ ನನ್ನನ್ನೇ ನೋಡುತ್ತಿದೆ ಅಂದುಕೊಂಡಿದ್ದೆ.
ಪಕ್ಕದ ಸೀಟಿನವ ದಾರಿಯುದ್ದ ವಾಂತಿ ಮಾಡಿದ.
ಅವನ ಹೆಸರು ಕೇಳಲಿಲ್ಲ.

ಹನ್ನೆರಡನೆಯ ಮಹಡಿ ಎದ್ದ ದಿನ
ಫೋಟೋ ತೆಗೆದು ಕಳಿಸಿದೆ: ನಾನು ಕಟ್ಟಿದ್ದು.
ನಾಗವೇಣಿ ಬರೆದಳು: ಒಬ್ಬರೇ?

ರಾತ್ರಿ ಮೆಸ್ಸಿನಲ್ಲಿ, ಬೇಳೆ ಸಾರಿನ ಸಾಲಿನಲ್ಲಿ ನಿಂತು ನೋಡಿದೆ.
ಕಂಬಿ ಬಿಗಿಯುವ ಯಾದಯ್ಯನ ಫೋನಿನಲ್ಲಿ ಅದೇ ಕಟ್ಟಡ,
ನೀರಿನ ಲಾರಿಯ ಗುಲ್‌ಜರೀನನ ಫೋನಿನಲ್ಲಿ ಅದೇ,
ಪಾತ್ರೆ ತೊಳೆಯುವ ಹುಡುಗನದರಲ್ಲೂ ಅದೇ, ಸ್ವಲ್ಪ ಓರೆಯಾಗಿ.
ತೆಲುಗಿನಲ್ಲಿ, ಪಶ್ತೂವಿನಲ್ಲಿ, ನೇಪಾಳಿಯಲ್ಲಿ
ನಾನು ಕಟ್ಟಿದ್ದು, ನಾನು ಕಟ್ಟಿದ್ದು.
ಯಾರೂ ಸುಳ್ಳು ಹೇಳಿರಲಿಲ್ಲ.
ಸಾರು ಮಾತ್ರ ನನ್ನ ಸರದಿಗೆ ಮುಗಿದಿತ್ತು.

ಆ ಭಾನುವಾರ ಶಂಶುದ್ದೀನನ ತಂಗಿಯ ಮದುವೆ, ಉಪ್ಪಿನಂಗಡಿಯಲ್ಲಿ.
ರಜೆ ಸಿಗಲಿಲ್ಲ. ಬೋಟಿಮಿನಲ್ಲೇ ಅಣ್ಣ ಹಾಜರು.
ಅವನು ತೊಟ್ಟದ್ದು ನನ್ನ ನೀಲಿ ಅಂಗಿ.
ಹಿಂದಿನ ಮಂಚಗಳು, ಒಣಗುವ ಚಡ್ಡಿಗಳು ಕಾಣಬಾರದೆಂದು
ಯಾದಯ್ಯ ಮೇಲಿನ ಮಂಚದಲ್ಲಿ ಕೂತು
ಎರಡು ಕೈಯಲ್ಲೂ ಹೂವಿನ ಚಾದರ ಇಳಿಬಿಟ್ಟ.
ಸದ್ದಾಗುತ್ತದೆಂದು ಗುಲ್‌ಜರೀನ ಏಸಿ ಆರಿಸಿದ.
ಫೋನು ಹಿಡಿಯುವುದು ನನ್ನ ಪಾಲಿಗೆ ಬಂತು.
ಚಾರ್ಜರಿನ ವಯರು ಗಿಡ್ಡ; ಗೋಡೆಗೆ ಆತು
ಒಂಟಿ ಕಾಲಲ್ಲಿ, ಕೊಕ್ಕರೆ.

ನಮ್ಮ ಚಿಕ್ಕಪ್ಪ ಮೇಳದಲ್ಲಿ ತೆರೆ ಹಿಡಿಯುತ್ತಿದ್ದ.
ಹಿಂದೆ ಬಣ್ಣದ ವೇಷ ಅಬ್ಬರಿಸುವಾಗ
ಅವನು ಬದಿಯಲ್ಲಿ ನಿಂತು ಆಕಳಿಸುತ್ತಿದ್ದ.
ಶಾಲೆಯಲ್ಲಿ ನಾನು ಹೇಳುತ್ತಿದ್ದೆ:
ಚಿಕ್ಕಪ್ಪ ವೇಷಧಾರಿ.

ಒಂದೂವರೆ ಗಂಟೆ. ತೋಳು ಮರಗಟ್ಟಿತು.
ಅಲ್ಲಿ ಬಿರಿಯಾನಿಯ ಕೊಪ್ಪರಿಗೆ, ಮದರಂಗಿಯ ಕೈ,
ಇಲ್ಲಿ ಶಂಶು ನಗುತ್ತಲೇ ಇದ್ದ; ಬೆವರೋ ಬೇರೆಯೋ
ನನ್ನ ಅಂಗಿಯ ಕಾಲರು ಒದ್ದೆ.
ಅಷ್ಟರಲ್ಲಿ ಅಜ್ಜಿಯೊಬ್ಬಳು ಪರದೆಗೆ ಮೂಗು ತಾಗಿಸಿ,
'ಆ ಮೂಲೆಯಲ್ಲಿ ಬೆರಳು ಯಾರದ್ದು ಮಗಾ?'
ಶಂಶು ಫೋನು ಕಸಿದು ನನ್ನ ಕಡೆ ತಿರುಗಿಸಿದ.
ಬನಿಯನ್ನು, ಲುಂಗಿ, ಅರ್ಧ ತೆರೆದ ಬಾಯಿ.
ಮುಖವನ್ನು ಏನು ಮಾಡಬೇಕೋ ತಿಳಿಯಲಿಲ್ಲ.
'ಊಟ ಆಯ್ತಾ?' ಅಂದಳು.
ಅಷ್ಟೆ. ಫೋನು ಮದುಮಗನ ಕಡೆ ಹೋಯಿತು.
ಆಯ್ತು ಅಂದೆನೋ ಇಲ್ಲ ಅಂದೆನೋ ನೆನಪಿಲ್ಲ.

ಮರುದಿನ ಧೂಳು. ಬಾವುಂಞಿಯ ಗೂಡು ಅರ್ಧ ಮಾಯ.
ಹೆಬ್ಬೆರಳೆತ್ತಿ ಕಾದೆ. ಕಾದೆ.
ಎಷ್ಟೋ ಹೊತ್ತಿಗೆ ತೋಳು ಎದ್ದಿತು.
ಅಂದರೆ ಮೇಲೆ ಒಬ್ಬ, ಕಣ್ಣು ಕಿರಿದು ಮಾಡಿ,
ಇಷ್ಟೇ ಇಷ್ಟು ಚರ್ಮವನ್ನು
ಅಷ್ಟು ದೊಡ್ಡ ಮರಳುಗಾಡಿನಲ್ಲಿ ಹುಡುಕುತ್ತಿದ್ದ.

ಗುರುವಾರ ಯಾದಯ್ಯನ ಮಗನ ಹುಟ್ಟುಹಬ್ಬ.
ಹಿಡಿಯುತ್ತೀಯಾ ಎಂದು ಕೇಳಿದ್ದಾನೆ. ಅಂಗಿಯೂ ಬೇಕಂತೆ.
ಅಂಗಿ ಒಗೆಯಲು ಹಾಕಿದ್ದೇನೆ.
ಹಿಡಿಯುತ್ತೇನೆ, ಅಲುಗದ ಹಾಗೆ.
ಬೆರಳನ್ನು ಮಾತ್ರ, ಬೇಕೆಂದೇ,
ಚೂರೇ ಚೂರು ಒಳಗೆ ಇಡುವವನಿದ್ದೇನೆ.